ಕೋಣದ ಹೊಟ್ಟೆಯಲ್ಲಿ ಉಳಿದ ನೀರು

ಕಳೆದ ಬೇಸಿಗೆಯಲ್ಲಿ ನಾನೊಂದು ಕಂಬಳದ ಕೋಣ ಮಾಡಿದ್ದೆ. ಒಂದು ಮೊಳ ಉದ್ದ, ಒಳಗೂ ಹೊರಗೂ ಗಟ್ಟಿ ಮಣ್ಣು. ಹತ್ತು ದಿನ ಜಗಲಿಯಲ್ಲಿ ಒಣಗಿಸಿ, ಪೆರ್ಲದ ಹತ್ತಿರದ ಒಬ್ಬ ಕುಂಬಾರರ ಮಡಕೆ ಸುಡುವ ಗೂಡಿನಲ್ಲಿ, ಅಂದರೆ ಆವಿಗೆಯಲ್ಲಿ, ಅವರ ಮಡಕೆಗಳ ನಡುವೆ ಇಟ್ಟೆ. ಬೆಂಕಿ ಕೊಟ್ಟು ಎರಡು ಗಂಟೆ ಆಗಿರಲಿಲ್ಲ, ಒಳಗೆ ಗರ್ನಾಲು ಸಿಡಿದ ಹಾಗೆ ಸದ್ದು. ಮರುದಿನ ನೋಡಿದರೆ ಕೊಂಬು ಒಂದು ಕಡೆ, ಹೊಟ್ಟೆ ಚೂರುಚೂರು. ಪಕ್ಕದ ಎರಡು ಮಡಕೆಗೂ ಪೆಟ್ಟಾಗಿತ್ತು.

"ಬೆಂಕಿ ಜಾಸ್ತಿ ಆಯ್ತಾ ಅಣ್ಣಾ?" ಎಂದು ಕೇಳಿದೆ.

"ಬೆಂಕಿ ಅಲ್ಲ ಮಾಷ್ಟ್ರೇ, ನೀರು" ಎಂದರು ಅವರು.

ಮಣ್ಣಿನ ಶಿಲ್ಪ ಮಾಡುವವರ ಕಷ್ಟವೆಲ್ಲ ಆ ಒಂದು ಮಾತಿನಲ್ಲಿದೆ.

ನಮ್ಮ ಕಾಸರಗೋಡಿನ ಕಡೆ ಜೇಡಿಮಣ್ಣು ಯಾರಿಗೂ ಹೊಸದಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಲಕ್ಷಾಂತರ ವರ್ಷಗಳಿಂದ ಬಂಡೆಯನ್ನು ತೊಳೆಯುತ್ತಲೇ ಇದೆ. ಕರಗುವುದೆಲ್ಲ ಹರಿದುಹೋಗಿ ಮೇಲೆ ಕಬ್ಬಿಣ ತುಂಬಿದ ಮುರಕಲ್ಲು (ಜಂಬಿಟ್ಟಿಗೆ) ಉಳಿಯಿತು. ಅದರ ಅಡಿಯಲ್ಲಿ ಎಷ್ಟೋ ಕಡೆ ಮೆತ್ತನೆಯ ಜೇಡಿ ಇದೆ. ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವವರಿಗೆ ಜೇಡಿ ಕಂಡರೆ ಹೆದರಿಕೆ, ಕುಸಿಯುತ್ತದಲ್ವಾ. ಕುಂಬಾರರಿಗೆ ಬೇಕಾದದ್ದು ಆ ಮೆತ್ತನೆಯ ಗುಣವೇ.

ಜೇಡಿಯ ಕಣ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು, ತಟ್ಟೆಯ ಹಾಗೆ ಚಪ್ಪಟೆ. ತೊಳೆದ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ನಡುವಿನ ನೀರಿನಿಂದಾಗಿ ಅವು ಅಂಟಿಯೂ ಇರುತ್ತವೆ, ಜಾರುತ್ತಲೂ ಇರುತ್ತವೆ. ಜೇಡಿಯನ್ನು ಕೈ ಹೇಳಿದ ಹಾಗೆ ತಿದ್ದಲು ಬರುವುದು ಇದರಿಂದಲೇ. ಒಣಗುವಾಗ ಆ ನೀರು ಹೋಗಿ ತಟ್ಟೆಗಳು ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಬಿರುಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದ ಅಂಚು ಮೊದಲು ಒಣಗಿ ಮೇಲೇಳುತ್ತದಲ್ಲ, ಮಣ್ಣಿಗೂ ಅದೇ ಗತಿ. ಮಡಕೆಯ ಗೋಡೆ ಎಲ್ಲ ಕಡೆ ಸುಮಾರು ಒಂದೇ ದಪ್ಪ. ಕೋಣಕ್ಕೆ ಕೊಂಬು ತೆಳ್ಳಗೆ, ಹೊಟ್ಟೆ ದಪ್ಪ. ಕೊಂಬು ಒಣಗಿದಾಗ ಹೊಟ್ಟೆ ಇನ್ನೂ ಹಸಿ.

100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 1700 ಲೀಟರ್ ಹಬೆಯಾಗುತ್ತದೆ. ದಪ್ಪ ಮಣ್ಣಿನೊಳಗೆ ಅಷ್ಟು ಹಬೆಗೆ ದಾರಿ ಎಲ್ಲಿ? ಸಿಕ್ಕಿಕೊಂಡ ಗಾಳಿಗುಳ್ಳೆಯೇ ಶಿಲ್ಪ ಒಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಗುಳ್ಳೆ ಇದ್ದರೂ ಮಣ್ಣು ಪೂರ್ತಿ ಒಣಗಿದ್ದರೆ ಹಾಗೆ ಸಿಡಿಯುವುದಿಲ್ಲ. ದಪ್ಪ ಭಾಗವೂ ಪೂರ್ತಿ ಒಣಗಲಿ ಎಂದೇ ಶಿಲ್ಪಿಗಳು ಒಳಗಿನ ಮಣ್ಣನ್ನು ಕೆರೆದು ಟೊಳ್ಳು ಮಾಡುತ್ತಾರೆ. ಒಡೆದ ಹಂಚನ್ನು ಕುಟ್ಟಿ ಪುಡಿ ಮಾಡಿ ಬೆರೆಸುತ್ತಾರೆ. ಒಮ್ಮೆ ಸುಟ್ಟ ಪುಡಿ ಒಣಗುವಾಗ ಕುಗ್ಗುವುದಿಲ್ಲ, ನೀರು ಹೊರಬರಲು ಸಂದಿಯನ್ನೂ ಬಿಡುತ್ತದೆ.

ಒಣಗಿದ ಮಣ್ಣಿನಲ್ಲೂ ಇನ್ನೊಂದು ಬಗೆಯ ನೀರಿದೆ. ಅದು ಕಣದ ಅಣುರಚನೆಯಲ್ಲೇ ಸೇರಿಕೊಂಡದ್ದು, ಬಿಸಿಲಿಗೆ ಹೋಗುವುದಿಲ್ಲ. ಸುಮಾರು 450 ಡಿಗ್ರಿ ದಾಟಿದ ಮೇಲೆ ಹೊರಡುತ್ತದೆ. ಒಂದು ಕಿಲೋ ಶುದ್ಧ ಬಿಳಿ ಜೇಡಿಯಿಂದ ಹೀಗೆ ಹೋಗುವ ನೀರು ಸುಮಾರು 140 ಗ್ರಾಂ! ಅದು ಹೋದ ಮೇಲೆ ಎಷ್ಟು ಮಳೆ ಸುರಿದರೂ ಆ ಮಣ್ಣು ಮತ್ತೆ ಕೆಸರಾಗುವುದಿಲ್ಲ.

ಇದನ್ನು ಮನೆಯಷ್ಟು ದೊಡ್ಡದಾಗಿ ಮಾಡಿ ತೋರಿಸಿದ ಶಿಲ್ಪಿ ರೇ ಮೀಕರ್. ಅಮೆರಿಕದವರು, ಮೊದಲು ವಾಸ್ತುಶಿಲ್ಪ, ಆಮೇಲೆ ಸೆರಾಮಿಕ್ಸ್ ಓದಿದವರು. 1971ರಲ್ಲಿ ಪುದುಚೇರಿಯಲ್ಲಿ ಡೆಬೊರಾ ಸ್ಮಿತ್ ಜೊತೆ ಗೋಲ್ಡನ್ ಬ್ರಿಜ್ ಪಾಟರಿ ಶುರು ಮಾಡಿದರು. ನಮ್ಮ ದೇಶದ ಎಷ್ಟೋ ಕಲಾವಿದರು ಮಣ್ಣಿನ ಕೆಲಸ ಕಲಿತದ್ದು ಅಲ್ಲಿಯೇ. 1980ರ ದಶಕದಲ್ಲಿ ಮೀಕರ್ ಹಸಿ ಇಟ್ಟಿಗೆಯಿಂದ ಮನೆ ಕಟ್ಟಿ, ಒಳಗೆ ಹಸಿ ಇಟ್ಟಿಗೆ, ಹಂಚು ತುಂಬಿಸಿ, ಇಡೀ ಮನೆಗೇ ಬೆಂಕಿ ಕೊಟ್ಟರು. ಕೆಲವು ದಿನ ಉರಿದ ಮೇಲೆ ಮನೆಯೂ ಬೆಂದಿತ್ತು, ಒಳಗಿನ ಸಾಮಾನೂ ಬೆಂದಿತ್ತು. ಮನೆಯೇ ಆವಿಗೆ! ಇರಾನ್ ಮೂಲದ ವಾಸ್ತುಶಿಲ್ಪಿ ನಾದರ್ ಖಲೀಲಿ ಈ ದಾರಿಯಲ್ಲಿ ಅವರಿಗಿಂತ ಮೊದಲೇ ನಡೆದಿದ್ದರು. ಮೀಕರ್ ಆಮೇಲೆ ದೊಡ್ಡ ದೊಡ್ಡ ಶಿಲ್ಪಗಳ ಕಡೆಗೆ ತಿರುಗಿದರು. ಮಳೆಗೆ ಮಣ್ಣಿನ ಗೋಡೆ ಜರಿಯುವುದನ್ನು ಕಂಡು ಬೆಳೆದ ನನಗೆ ಅವರ ಶಿಲ್ಪಗಳಿಗಿಂತ ಆ ಮನೆಗಳೇ ಹೆಚ್ಚು ಇಷ್ಟ.

ಬೆಂದ ಮೇಲೂ ಅವಸರ ಸಲ್ಲ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಹರಳು 573 ಡಿಗ್ರಿಯಲ್ಲಿ ತನ್ನ ರಚನೆ ಬದಲಿಸುತ್ತದೆ. ಕಾಯುವಾಗ ಹಿಗ್ಗಿದ್ದು ಆರುವಾಗ ಥಟ್ಟನೆ ಕುಗ್ಗುತ್ತದೆ. ಆಗ ಆವಿಗೆ ಬಿಚ್ಚಿ ತಂಗಾಳಿ ಬಿಟ್ಟರೆ ಬಿರುಕು ಖಂಡಿತ.

ಎರಡನೇ ಕೋಣ ಮಾಡಿದ್ದೇನೆ. ಹೊಟ್ಟೆ ಕೆರೆದು ಗೋಡೆಯನ್ನು ಬೆರಳಿನ ದಪ್ಪಕ್ಕೆ ಇಳಿಸಿದ್ದೇನೆ, ಕೆಳಗೊಂದು ತೂತು ಬಿಟ್ಟಿದ್ದೇನೆ. ಹಂಚಿನ ಪುಡಿಯೂ ಬೆರೆತಿದೆ. ಕೊಂಬಿಗೆ ಒದ್ದೆ ಬಟ್ಟೆ ಸುತ್ತಿ, ಹೊಟ್ಟೆಯ ಜೊತೆಗೇ ನಿಧಾನಕ್ಕೆ ಒಣಗುವ ಹಾಗೆ ನೋಡಿಕೊಂಡೆ. ಒಣಗಿದೆಯೋ ಎಂದು ತಿಳಿಯಲು ಆ ಕುಂಬಾರರು ಹೇಳಿಕೊಟ್ಟ ಉಪಾಯ ಸುಲಭ: ಕೆನ್ನೆಗೆ ಒತ್ತಿ ನೋಡುವುದು. ಒಳಗಿನ ನೀರು ಆವಿಯಾಗುತ್ತಿದ್ದರೆ ಅದು ಶಾಖವನ್ನೂ ಎಳೆದುಕೊಂಡು ಹೋಗುತ್ತದೆ, ಮಣ್ಣು ತಣ್ಣಗಿರುತ್ತದೆ.

ಈಗ ಆಟಿ ತಿಂಗಳು. ಹೊರಗೆ ಮಳೆ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಕೋಣವನ್ನು ಎತ್ತಿ ಕೆನ್ನೆಗೆ ಒತ್ತಿದೆ. ಕಾಲು, ಕೊಂಬು, ಬೆನ್ನು ಎಲ್ಲ ಸರಿ. ಹೊಟ್ಟೆಯ ಅಡಿ ಇನ್ನೂ ತಣ್ಣಗಿದೆ.