ಪದ ಪರಿಚಯ: ಪೂರ್ಣ ಪೂರೈಕೆ ಕರಾರು – ವಿದ್ಯುತ್ ಸಹಕಾರ ಸಂಘಗಳಿಗೆ ಬಿಸಿಲು, ನೀರು ಸೇರುವ ದಾರಿ

ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಎಂದರೆ ವಿದ್ಯುತ್ ಬಳಸುವವರೇ ಸದಸ್ಯರೂ ಮಾಲೀಕರೂ ಆಗಿ, ತಮ್ಮೊಳಗಿನಿಂದಲೇ ಆಡಳಿತ ಮಂಡಳಿಯನ್ನು ಚುನಾಯಿಸಿಕೊಂಡು ನಡೆಸುವ ವಿತರಣಾ ಸಂಸ್ಥೆ. ಈ ಮಾದರಿ ದೊಡ್ಡದಾಗಿ ಬೇರೂರಿದ್ದು ಅಮೆರಿಕದಲ್ಲಿ. 1930ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ನಗರಗಳ ಬಹುತೇಕ ಮನೆಗಳಲ್ಲಿ ವಿದ್ಯುದ್ದೀಪ ಉರಿಯುತ್ತಿದ್ದರೂ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಸಿಕ್ಕಿತ್ತು. ಮನೆಗಳು ದೂರ ದೂರ ಚದುರಿರುವ ಕಡೆ ತಂತಿ ಎಳೆದರೆ ಹಾಕಿದ ಹಣ ಹುಟ್ಟುವುದಿಲ್ಲ ಎಂಬುದು ಖಾಸಗಿ ಕಂಪನಿಗಳ ಲೆಕ್ಕವಾಗಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಮೇ ತಿಂಗಳಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಬಂದ ಕಾಯ್ದೆಯಡಿ ಕಡಿಮೆ ಬಡ್ಡಿಯ ಸಾಲ ಪಡೆದ ರೈತರು ಸಂಘ ಕಟ್ಟಿಕೊಂಡು ತಾವೇ ತಂತಿ ಎಳೆಸಿಕೊಂಡರು. ಇಂದು ಅಲ್ಲಿ ಸುಮಾರು 900 ವಿದ್ಯುತ್ ಸಹಕಾರ ಸಂಘಗಳಿದ್ದು, ನಾಲ್ಕು ಕೋಟಿಗೂ ಹೆಚ್ಚು ಜನರು ಅವುಗಳಿಂದ ವಿದ್ಯುತ್ ಪಡೆಯುತ್ತಾರೆ. ಭಾರತದಲ್ಲಿ ಇದೇ ಮಾದರಿಯ ಮೊದಲ ಸಂಘಗಳು 1969ರ ಸುಮಾರಿಗೆ ಹುಟ್ಟಿದವು. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಅವುಗಳಲ್ಲಿ ಒಂದು.

ಸದಸ್ಯರೇ ಮಾಲೀಕರಾದ ಸಂಘ ಸೌರ ಅಥವಾ ಜಲ ವಿದ್ಯುತ್ ಬೇಕೆಂದು ನಿರ್ಣಯಿಸಿದರೆ ಕೆಲಸ ಮುಗಿಯಿತೆಂದು ತೋರಬಹುದು. ವಾಸ್ತವದಲ್ಲಿ ಹಾಗಿಲ್ಲ, ಏಕೆಂದರೆ ಅಮೆರಿಕದ ಹೆಚ್ಚಿನ ಸಂಘಗಳ ಕೈಯಲ್ಲಿರುವುದು ಕಂಬ, ತಂತಿ, ಮೀಟರ್ ಮಾತ್ರ. ವಿದ್ಯುತ್ತನ್ನು ಅವು ಸಗಟು ದರದಲ್ಲಿ ಕೊಳ್ಳುತ್ತವೆ. ಅದನ್ನು ಒದಗಿಸುವುದು, ಹತ್ತಾರು ಸಂಘಗಳು ಒಟ್ಟಾಗಿ ಕಟ್ಟಿಕೊಂಡ ಉತ್ಪಾದನೆ ಮತ್ತು ಪ್ರಸರಣ ಒಕ್ಕೂಟ. ನಮ್ಮಲ್ಲಿ ಹಳ್ಳಿಯ ಹಾಲಿನ ಡೇರಿಗೂ ಜಿಲ್ಲಾ ಹಾಲು ಒಕ್ಕೂಟಕ್ಕೂ ಇರುವಂಥದೇ ನಂಟು ಇದು, ಆದರೆ ಹಾಲು ಹಳ್ಳಿಯಿಂದ ಮೇಲಕ್ಕೆ ಹೋದರೆ ಇಲ್ಲಿ ವಿದ್ಯುತ್ ಮೇಲಿನಿಂದ ಕೆಳಕ್ಕೆ ಬರುತ್ತದೆ. ಸಂಘವು ತನಗೆ ಬೇಕಾದ ಎಲ್ಲ ವಿದ್ಯುತ್ತನ್ನೂ ಈ ಒಕ್ಕೂಟದಿಂದಲೇ ಕೊಳ್ಳಬೇಕೆಂದು ಕಟ್ಟುಹಾಕುವ ದೀರ್ಘಾವಧಿಯ ಒಪ್ಪಂದವೇ ಪೂರ್ಣ ಪೂರೈಕೆ ಕರಾರು. ಅದರ ಅವಧಿ 40 ವರ್ಷಕ್ಕೂ ಮೀರಿರುವುದುಂಟು. ಸಂಘ ತಾನೇ ಉತ್ಪಾದಿಸಿಕೊಳ್ಳಲು ಅಥವಾ ಬೇರೆಡೆಯಿಂದ ಕೊಳ್ಳಲು ಅವಕಾಶವಿದ್ದರೂ ಅದು ಅನೇಕ ಕಡೆ ಶೇ 5ಕ್ಕೆ ಸೀಮಿತವಾಗಿತ್ತು.

ಈ ಕರಾರನ್ನು ದುರುದ್ದೇಶದ ಫಲವೆಂದು ಕಾಣುವುದು ತಪ್ಪಾಗುತ್ತದೆ. ದೊಡ್ಡ ಉಷ್ಣ ಸ್ಥಾವರಗಳಿಗೆ ಬೇಕಾದ ಸಾಲವನ್ನು ಚಿಕ್ಕ ಸಂಘಗಳು ಬಿಡಿಬಿಡಿಯಾಗಿ ಪಡೆಯಲಾರವು. ಇಷ್ಟು ವರ್ಷ ಇಷ್ಟು ಗ್ರಾಹಕರು ಖಚಿತ ಎಂಬ ಕಾಗದವೇ ಒಕ್ಕೂಟದ ಸಾಲಕ್ಕೆ ಆಧಾರವಾಯಿತು. 1978ರ ಒಂದು ಕಾಯ್ದೆ ಹೊಸ ವಿದ್ಯುತ್ ಸ್ಥಾವರಗಳಲ್ಲಿ ನೈಸರ್ಗಿಕ ಅನಿಲದ ಬಳಕೆಗೆ ಕಡಿವಾಣ ಹಾಕಿದ್ದರಿಂದ ಒಕ್ಕೂಟಗಳು ಕಲ್ಲಿದ್ದಲಿನ ಕಡೆಗೇ ವಾಲಿದವು. ಹೀಗೆ ಆ ಕಾಲಕ್ಕೆ ಹಳ್ಳಿಗೆ ಅಗ್ಗದ ವಿದ್ಯುತ್ ತಂದ ಕಾಗದವೇ, ಸೌರ ಫಲಕಗಳ ಬೆಲೆ ಕುಸಿದ ಮೇಲೆ, ಸಂಘಗಳ ಕೈ ಕಟ್ಟಿತು. ನವೀಕರಿಸಬಹುದಾದ ಇಂಧನದ ಚರ್ಚೆಯಲ್ಲಿ ಫಲಕಗಳ ದಕ್ಷತೆಗಿಂತ ಈ ಕರಾರಿನ ಷರತ್ತುಗಳನ್ನೇ ಮೊದಲು ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಲೊರಾಡೊ ರಾಜ್ಯದ ಡೆಲ್ಟಾ-ಮಾಂಟ್ರೋಸ್ ಸಂಘದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಗನ್ನಿಸನ್ ನದಿಯ ನೀರನ್ನು ಬೆಟ್ಟದಡಿಯ ಸುರಂಗದ ಮೂಲಕ ಪಕ್ಕದ ಕಣಿವೆಯ ಹೊಲಗಳಿಗೆ ಹರಿಸುವ ನೀರಾವರಿ ಯೋಜನೆ ಅಲ್ಲಿ 1909ರಿಂದಲೂ ಇದೆ. ಸುರಂಗದಿಂದ ಹೊರಬಂದ ನೀರು ಸೌತ್ ಕೆನಾಲ್ ಎಂಬ ಕಾಲುವೆಯಲ್ಲಿ ಇಳಿಜಾರಿನಲ್ಲಿ ಧುಮುಕುತ್ತಾ ಸಾಗುತ್ತದೆ. ಹೊಲಕ್ಕೆ ಹೋಗಲೇಬೇಕಾದ ಈ ನೀರಿನ ದಾರಿಯಲ್ಲೇ ಟರ್ಬೈನ್ ಕೂರಿಸಿ ಸಂಘವು ಎರಡು ಕಿರು ಜಲವಿದ್ಯುತ್ ಘಟಕಗಳನ್ನು ಕಟ್ಟಿತು. ಅಣೆಕಟ್ಟು ಬೇಕಾಗಲಿಲ್ಲ, ಮುಳುಗಡೆ ಇರಲಿಲ್ಲ. ಆದರೆ ಶೇ 5ರ ಮಿತಿ ಅಲ್ಲಿಗೇ ತುಂಬಿಹೋಯಿತು. ಅದೇ ಕಾಲುವೆಯ ಇನ್ನೊಂದು ಘಟಕದಿಂದ ವಿದ್ಯುತ್ ಕೊಳ್ಳಲು ಹೊರಟಾಗ ಅದರ ಒಕ್ಕೂಟವಾದ ಟ್ರೈ-ಸ್ಟೇಟ್ ಜೊತೆ ವಿವಾದ ಎದ್ದು, ಪ್ರಕರಣ ಕೇಂದ್ರದ ಇಂಧನ ನಿಯಂತ್ರಣ ಆಯೋಗಕ್ಕೆ ಹೋಯಿತು. 1978ರಲ್ಲೇ ಬಂದಿದ್ದ ಇನ್ನೊಂದು ಕಾಯ್ದೆಯ ಪ್ರಕಾರ ಅರ್ಹ ಕಿರು ಉತ್ಪಾದಕರು ಮಾರಲು ಬಂದರೆ ಸಂಘ ಕೊಳ್ಳಲೇಬೇಕು, ಕರಾರಿನ ಮಿತಿ ಅದಕ್ಕೆ ಅಡ್ಡಬರಲಾರದು ಎಂದು ಆಯೋಗ 2015ರಲ್ಲಿ ತೀರ್ಪಿತ್ತಿತು. ಕೈತಪ್ಪಿದ ಆದಾಯಕ್ಕೆ ಪ್ರತಿಯಾಗಿ ಶುಲ್ಕ ವಿಧಿಸಲು ಒಕ್ಕೂಟ ಮುಂದಿಟ್ಟ ಪ್ರಸ್ತಾವವೂ ಮರುವರ್ಷ ತಿರಸ್ಕೃತವಾಯಿತು.

ಕೊನೆಗೆ ಆ ಸಂಘ 2020ರ ಜುಲೈ 1ರಂದು ಒಕ್ಕೂಟದಿಂದಲೇ ಹೊರಬಂದಿತು. ಬಿಡುಗಡೆಗೆ ತೆತ್ತ ಬೆಲೆಯನ್ನು ಬಿಡಿಸಿ ನೋಡುವುದು ಉಪಯುಕ್ತ. ಒಟ್ಟು ಹೊರೆ ಸುಮಾರು 13.65 ಕೋಟಿ ಡಾಲರ್ ಆಗಿದ್ದು, ಅದರಲ್ಲಿ 6.25 ಕೋಟಿ ಡಾಲರ್ ಕರಾರು ಮುರಿದದ್ದಕ್ಕೆ, 2.6 ಕೋಟಿ ಡಾಲರ್ ಪ್ರಸರಣ ಆಸ್ತಿಗಳಿಗೆ ಸಂದಿತು, ಉಳಿದ 4.8 ಕೋಟಿ ಡಾಲರ್ ಎಂದರೆ, ಒಕ್ಕೂಟದ ವಾರ್ಷಿಕ ಉಳಿತಾಯದಲ್ಲಿ ಸಂಘದ ಪಾಲೆಂದು ಅದರ ಲೆಕ್ಕದಲ್ಲಿ ಕೂಡುತ್ತಾ ಬಂದಿದ್ದ ಬಂಡವಾಳವನ್ನು ಬಿಟ್ಟುಕೊಟ್ಟದ್ದು. ಸದಸ್ಯರು ವರ್ಷಾನುಗಟ್ಟಲೆ ಬಿಲ್ಲಿನ ಮೂಲಕ ಕಟ್ಟಿದ ಹಣವದು.

ಇದಕ್ಕೂ ಮೊದಲೇ, 2016ರಲ್ಲಿ, ನ್ಯೂ ಮೆಕ್ಸಿಕೋದ ಟಾವೋಸ್ ಊರಿನ ಕಿಟ್ ಕಾರ್ಸನ್ ಸಂಘ 3.7 ಕೋಟಿ ಡಾಲರ್ ತೆತ್ತು ಇದೇ ಒಕ್ಕೂಟದಿಂದ ಹೊರನಡೆದಿತ್ತು. ಅದರ ಕರಾರು 2040ರವರೆಗೆ ಇತ್ತು. ಗುಜ್ಮನ್ ಎನರ್ಜಿ ಎಂಬ ಸಗಟು ಪೂರೈಕೆದಾರ ಕಂಪನಿ ಆ ಮೊತ್ತವನ್ನು ಮುಂಗಡವಾಗಿ ಭರಿಸಿ, ವಿದ್ಯುತ್ ದರದ ಮೂಲಕ ಹಿಂಪಡೆಯಿತು. 2022ರ ಹೊತ್ತಿಗೆ, ಬಿಸಿಲಿರುವ ದಿನಗಳಲ್ಲಿ ತನ್ನ ಹಗಲಿನ ಬೇಡಿಕೆಯಷ್ಟೂ ವಿದ್ಯುತ್ತನ್ನು ಸೂರ್ಯನಿಂದ ಪಡೆಯುವ ಮಟ್ಟಕ್ಕೆ ಈ ಸಂಘ ಬಂದಿತು. ಈ ನಿರ್ಗಮನಗಳ ಬಿಸಿ ಒಕ್ಕೂಟಕ್ಕೂ ತಟ್ಟಿತು: 2020ರಲ್ಲಿ ಟ್ರೈ-ಸ್ಟೇಟ್ ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುತ್ತಾ ಬರುವ ಯೋಜನೆ ಪ್ರಕಟಿಸಿ, ನ್ಯೂ ಮೆಕ್ಸಿಕೋದ ಎಸ್ಕಲಾಂಟೆ ಸ್ಥಾವರವನ್ನು ಅದೇ ವರ್ಷ ನಿಲ್ಲಿಸಿತು.

ಕರಾರಿನ ಕಟ್ಟಿಲ್ಲದ ಸಂಘ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಹವಾಯಿಯ ಕವಾಯಿ ದ್ವೀಪದಲ್ಲಿ ಕಾಣಬಹುದು. ಅಲ್ಲಿನ ಜನ 2002ರಲ್ಲಿ ಖಾಸಗಿ ಕಂಪನಿಯ ವಿದ್ಯುತ್ ವ್ಯವಸ್ಥೆಯನ್ನು 21.5 ಕೋಟಿ ಡಾಲರಿಗೆ ಕೊಂಡು ಸಹಕಾರ ಸಂಘ ಮಾಡಿಕೊಂಡರು. ಉತ್ಪಾದನೆಯೂ ವಿತರಣೆಯೂ ಒಂದೇ ಕೈಯಲ್ಲಿತ್ತು. ಆಗ ದ್ವೀಪ ಬಹುಪಾಲು ಹಡಗಿನಲ್ಲಿ ಬರುವ ತೈಲವನ್ನೇ ನೆಚ್ಚಿತ್ತು. ಮೊದಲು ಕಟ್ಟಿದ ಸೌರ ಘಟಕಗಳು ನಡುಹಗಲಿನ ಬೇಡಿಕೆಯ ಬಹುಭಾಗವನ್ನು ತುಂಬಿದ ಮೇಲೆ ಇನ್ನಷ್ಟು ಫಲಕ ಹಾಕಿ ಪ್ರಯೋಜನವಿರಲಿಲ್ಲ, ಏಕೆಂದರೆ ಬೇಡಿಕೆ ಏರುವುದು ಸೂರ್ಯ ಇಳಿದ ಮೇಲೆ. ಆದ್ದರಿಂದ 2017ರಲ್ಲಿ ಕಪಾಯ ಎಂಬಲ್ಲಿ 13 ಮೆಗಾವ್ಯಾಟ್ ಸೌರ ಘಟಕದ ಜೊತೆಗೆ 52 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಬಂತು. ಹಗಲಿನ ಬಿಸಿಲನ್ನು ಹಿಡಿದಿಟ್ಟು ಸಂಜೆ ತಂತಿಗೆ ಬಿಡುವುದು ಅದರ ಕೆಲಸ. ಟೆಸ್ಲಾದಿಂದ ಈ ವಿದ್ಯುತ್ತನ್ನು ಸಂಘ 20 ವರ್ಷ ಯೂನಿಟ್ಟಿಗೆ 13.9 ಸೆಂಟಿನ ಸ್ಥಿರ ದರದಲ್ಲಿ ಕೊಳ್ಳುತ್ತದೆ. ಎರಡೇ ವರ್ಷಗಳಲ್ಲಿ ಸಂಘದ ಅರ್ಧಕ್ಕೂ ಹೆಚ್ಚು ವಿದ್ಯುತ್ ನವೀಕರಿಸಬಹುದಾದ ಮೂಲಗಳದ್ದಾಯಿತು.

ಇಲ್ಲೊಂದು ತಾಂತ್ರಿಕ ತೊಡಕು ಗಮನಾರ್ಹ. ತೈಲದ ಯಂತ್ರಗಳನ್ನೆಲ್ಲ ನಿಲ್ಲಿಸಿದರೆ, ಅವುಗಳ ಭಾರವಾದ ತಿರುಗು ಭಾಗಗಳು ಜಾಲದ ಆವರ್ತನವನ್ನು, ಎಂದರೆ ವಿದ್ಯುತ್ ಪ್ರವಾಹ ಸೆಕೆಂಡಿಗೆ ಇಷ್ಟು ಬಾರಿ ಎಂದು ಮಿಡಿಯುವ ಲಯವನ್ನು, ಏರುಪೇರಾಗದಂತೆ ಹಿಡಿದಿಡುತ್ತಿದ್ದ ಜಡತ್ವವೂ ಇಲ್ಲವಾಗುತ್ತದೆ. ಕವಾಯಿ ಸಂಘವು ತನ್ನ ಹಳೆಯ ಟರ್ಬೈನ್ ಘಟಕದ ಜನರೇಟರನ್ನು ಇಂಧನ ಉರಿಸದೆ ಬರಿದೆ ತಿರುಗಲು ಬಿಟ್ಟು ಆ ಕೆಲಸ ಮಾಡಿಸಿಕೊಳ್ಳುತ್ತದೆ. ಜೊತೆಗೆ, ಫಲಕ, ಬ್ಯಾಟರಿಗಳ ವಿದ್ಯುತ್ತನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ, ಜಾಲದ ಆವರ್ತನವನ್ನು ತಾವೇ ರೂಪಿಸಬಲ್ಲ ಇನ್ವರ್ಟರುಗಳೂ ಇವೆ. ಹೀಗಾಗಿ ಕೆಲವು ದಿನ ಗಂಟೆಗಟ್ಟಲೆ ಇಡೀ ದ್ವೀಪ ತೈಲವಿಲ್ಲದೆ ನಡೆಯುತ್ತದೆ.

ಉಳಿದದ್ದು ಹಣದ ಮಾತು. ಅಮೆರಿಕದಲ್ಲಿ ಸೌರ, ಪವನ ಘಟಕಗಳಿಗೆ ಸರ್ಕಾರದ ಮುಖ್ಯ ನೆರವು ದೊರೆಯುತ್ತಿದ್ದುದು ತೆರಿಗೆ ರಿಯಾಯಿತಿಯ ರೂಪದಲ್ಲಿ. ಆದಾಯ ತೆರಿಗೆಯನ್ನೇ ಕಟ್ಟದ ಸಹಕಾರ ಸಂಘಕ್ಕೆ ಅದು ನೇರವಾಗಿ ದಕ್ಕುತ್ತಿರಲಿಲ್ಲ. ಹೀಗಾಗಿ ಘಟಕವನ್ನು ಖಾಸಗಿ ಕಂಪನಿ ಕಟ್ಟಿ ರಿಯಾಯಿತಿ ಪಡೆಯುವುದು, ಸಂಘ ಅದರಿಂದ ದೀರ್ಘಾವಧಿಗೆ ವಿದ್ಯುತ್ ಕೊಳ್ಳುವುದು ರೂಢಿಯಾಯಿತು. 2022ರ ಕಾಯ್ದೆ ಆ ರಿಯಾಯಿತಿಯ ಮೊತ್ತವನ್ನು ಸಂಘಗಳಿಗೇ ನಗದಾಗಿ ಪಾವತಿಸುವ ಅವಕಾಶ ಕೊಟ್ಟಿತು. ಗ್ರಾಮೀಣ ಸಂಘಗಳಿಗೆಂದೇ 970 ಕೋಟಿ ಡಾಲರಿನ ಇನ್ನೊಂದು ಯೋಜನೆಯನ್ನೂ ತಂದಿತು. ಘಟಕದ ಒಡೆತನ ಸದಸ್ಯರ ಕೈಗೆ ಬರಲು ಇದು ದೊಡ್ಡ ಆಸರೆಯಾಗಿತ್ತು. 2025ರ ಜುಲೈಯಲ್ಲಿ ಬಂದ ಕಾಯ್ದೆ ಈ ಅವಕಾಶವನ್ನು ಮೊಟಕುಗೊಳಿಸಿದೆ: ಸೌರ ಮತ್ತು ಪವನ ಘಟಕಗಳ ಕಾಮಗಾರಿ 2026ರ ಜುಲೈ 4ರೊಳಗೆ ಆರಂಭವಾಗಿರಬೇಕು, ಇಲ್ಲವೇ 2027ರ ಅಂತ್ಯದೊಳಗೆ ಉತ್ಪಾದನೆ ಶುರುವಾಗಿರಬೇಕು. ಬ್ಯಾಟರಿ ಸಂಗ್ರಹಕ್ಕೆ ಮಾತ್ರ ಈ ಗಡುವು ಅನ್ವಯಿಸುವುದಿಲ್ಲ.