ಕಪ್‌ಕೇಕಿಗೆ ದೃಷ್ಟಿ ತಾಗಿದ್ದು

ಹೋದ ಭಾನುವಾರ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಹನ್ನೆರಡು ವೆನಿಲಾ ಕಪ್‌ಕೇಕ್ ಓವನ್‌ನಲ್ಲಿ ಚೆನ್ನಾಗಿಯೇ ಉಬ್ಬುತ್ತಿದ್ದವು. ಹೊರಗೆ ತೆಗೆದಾಗ ಹನ್ನೆರಡಕ್ಕೂ ನಡುವೆ ಗುಳಿ. "ಪಕ್ಕದ ಮನೆಯವರು ಬಂದು ಇಣುಕಿದ್ರಲ್ಲ, ಅವರದ್ದೇ ಕಣ್ಣು" ಎಂದು ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮಿದ್ದಷ್ಟೇ ಬಂತು.

ಕಣ್ಣಿನದ್ದಲ್ಲ, ಇದು ಗುಳ್ಳೆಗಳ ಕಥೆ.

ಬೇಕಿಂಗ್ ಪೌಡರ್‌ನಿಂದ ಗುಳ್ಳೆ ಹುಟ್ಟುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಕೇಕಿನ ಗುಳ್ಳೆ ಹುಟ್ಟುವುದು ಅದಕ್ಕೂ ಮೊದಲು, ಬೆಣ್ಣೆ ಸಕ್ಕರೆ ತಿರುವುವಾಗ. ಸಕ್ಕರೆ ಹರಳು ಬೆಣ್ಣೆಯೊಳಗೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಳದಿ ಬೆಣ್ಣೆ ತಿರುವಿದಷ್ಟೂ ಬೆಳ್ಳಗಾಗುವುದು ಅದಕ್ಕೇ. ಪೌಡರ್ ಬಿಡುವ ಇಂಗಾಲದ ಡೈಆಕ್ಸೈಡ್, ನೀರಿನ ಹಬೆ ಎಲ್ಲ ಈ ಹಳೇ ಗುಳ್ಳೆಗಳೊಳಗೇ ನುಗ್ಗಿ ಅವನ್ನು ಹಿಗ್ಗಿಸುತ್ತವೆ. ಊದುವವರು ಎಷ್ಟೇ ಜನ ಇರಲಿ, ಜಾತ್ರೆಯಿಂದ ತಂದಷ್ಟೇ ಬಲೂನು ಅಲ್ವಾ? ಸೋಡಾಕ್ಕೆ ಉಪ್ಪು ಹಾಕಿ ನೋಡಿ, ಬುಸ್ಸೆಂದು ನೊರೆ ಏಳುವುದು ಹರಳಿಗೆ ಅಂಟಿದ ಗಾಳಿಯಿಂದ. ಅನಿಲಕ್ಕೆ ಕಟ್ಟಿದ ಮನೆ ಬೇಕು, ತಾನೇ ಕಟ್ಟಿಕೊಳ್ಳುವುದು ಬಲು ಕಷ್ಟ. ಹೊಸ ಬಲೂನಿಗೆ ಮೊದಲ ಉಸಿರು ಊದುವಾಗ ಕೆನ್ನೆ ನೋಯುತ್ತದಲ್ಲ, ಹಾಗೆ. ಗುಳ್ಳೆ ಸಣ್ಣದಾದಷ್ಟೂ ಸುತ್ತಲಿನ ಹಿಟ್ಟು ಅದನ್ನು ಜಾಸ್ತಿ ಹಿಂಡುತ್ತದೆ.

ವೆನಿಲಾ ವಿಷಯ ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಕಾಫಿ ತೋಟಗಳಲ್ಲೂ ಇದರ ಬಳ್ಳಿ ಹಬ್ಬಿಸಿದರು. ರೇಟು ಗಗನಕ್ಕೇರಿತು, ಆಮೇಲೆ ನೆಲಕಚ್ಚಿತು. ಒಂದೇ ದಿನ ಅರಳುವ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಆ ಸುಲಭದ ಕೈಚಳಕ ಕಂಡುಕೊಂಡವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಎಂಬ ಗುಲಾಮ ಹುಡುಗ, 1841ರಲ್ಲಿ. ಆಗ ಅವನಿಗೆ 12 ವರ್ಷ! ಇನ್ನು ಅಂಗಡಿಯ ಎಸೆನ್ಸ್‌ನಲ್ಲಿರುವ ವೆನಿಲಿನ್, ಅಂದರೆ ವೆನಿಲಾ ಪರಿಮಳದ ಮುಖ್ಯ ಅಂಶ, ಹೆಚ್ಚಾಗಿ ಕಾರ್ಖಾನೆಯದ್ದು. ಅದೇನು ವಿಷವಲ್ಲ, ಕಾಯಿಯಲ್ಲಿರುವುದೂ ಅದೇ ಅಣು.

ಸರಿ, ಓವನ್‌ಗೆ ಬರೋಣ. ಅಲ್ಲಿ ಒಂದು ಕಡೆ ಗುಳ್ಳೆ ಹಿಗ್ಗುತ್ತಿರುತ್ತದೆ, ಇನ್ನೊಂದು ಕಡೆ ಮೊಟ್ಟೆ, ಮೈದಾ ಬೆಂದು ಅದರ ಗೋಡೆ ಗಟ್ಟಿಯಾಗುತ್ತಿರುತ್ತದೆ. ಗುಳ್ಳೆ ಅವಸರ ಮಾಡಿದರೆ ಗೋಡೆ ಹರಿದು ನಡುವೆ ಕುಸಿಯುತ್ತದೆ. ನಾನು ಹಾಕಿದ್ದು ಮಂಗಳೂರಿನ ನಾದಿನಿ ಹೇಳಿದ ಅಳತೆ. ಅವಳ ಮನೆ ಸಮುದ್ರದ ಪಕ್ಕ, ನಮ್ಮದು ಸಾವಿರ ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ಶೇಕಡ 10ಕ್ಕೂ ಮಿಕ್ಕಿ ಕಮ್ಮಿ, ಹಾಗಾಗಿ ಅಷ್ಟೇ ಪೌಡರ್‌ಗೆ ಗುಳ್ಳೆ ಇನ್ನೂ ದೊಡ್ಡದಾಗುತ್ತದೆ.

ಈ ಭಾನುವಾರ ಎರಡು ಚಮಚ ಪೌಡರ್ ಬದಲು ಒಂದೂವರೆ ಹಾಕಿದೆ. ಓವನ್ ಬಾಗಿಲನ್ನೂ ಮುಟ್ಟಲಿಲ್ಲ. ಅರ್ಧ ಬೆಂದಾಗ ತಣ್ಣನೆ ಗಾಳಿ ನುಗ್ಗಿದರೆ ಗುಳ್ಳೆ ಕುಗ್ಗುತ್ತದೆ, ಗೋಡೆ ಇನ್ನೂ ಮೆತ್ತಗಿರುತ್ತದೆ. ಹೋದ ವಾರ ಪಕ್ಕದ ಮನೆಯವರಿಗೆ ತೋರಿಸಲು ಹತ್ತನೇ ನಿಮಿಷಕ್ಕೇ ಬಾಗಿಲು ತೆಗೆದವಳು ನಾನೇ. ಅತ್ತೆಗೆ ಇನ್ನೂ ಹೇಳಿಲ್ಲ.