ತಂಡ ಊರು ಬಿಡುವ ಮೊದಲು ಗುತ್ತಿಗೆ ಓದಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಕನ್ನಡಿಗರು ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ. ಸಿಯಾಟಲ್‌ನಂಥ ದೊಡ್ಡ ಊರು ಬಿಟ್ಟು ಸೂಪರ್‌ಸಾನಿಕ್ಸ್ ತಂಡ ಒಕ್ಲಹೋಮ ಸಿಟಿಗೆ ಹೋಗಿದ್ದು ಯಾಕೆ? ಮೈಕ್ರೋಸಾಫ್ಟ್, ಅಮೆಜಾನ್, ಸ್ಟಾರ್‌ಬಕ್ಸ್ ಇರುವ ಊರದು. 1967ರಿಂದ ತಂಡ ಅಲ್ಲೇ ಇತ್ತು, 1979ರಲ್ಲಿ ಚಾಂಪಿಯನ್ ಕೂಡ ಆಗಿತ್ತು. ಟಿವಿ ಮಾರುಕಟ್ಟೆಯ ಲೆಕ್ಕದಲ್ಲಿ ಸಿಯಾಟಲ್ ಅಮೆರಿಕದ ಮೊದಲ ಹದಿನೈದರಲ್ಲಿ ಬರುತ್ತದೆ, ಒಕ್ಲಹೋಮ ಸಿಟಿ ನಲವತ್ತರ ಆಚೆ ಇದೆ.

ನಾನು ಕ್ರೀಡಾಂಗಣಗಳ ಗುತ್ತಿಗೆ ಒಪ್ಪಂದ ಬರೆಯುವ, ತಿದ್ದುವ ವಕೀಲೆ. ನನ್ನ ಉತ್ತರ ಯಾವಾಗಲೂ ಒಂದೇ: ಊರಿನ ಗಾತ್ರ ನೋಡಬೇಡಿ, ಗುತ್ತಿಗೆ ನೋಡಿ.

ಎನ್‌ಬಿಎಯಲ್ಲಿ ರಾಷ್ಟ್ರಮಟ್ಟದ ಟಿವಿ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಆಟಗಾರರ ಸಂಬಳಕ್ಕೆ ಮಿತಿ ಇದೆ. ಹಾಗಾಗಿ ಸಣ್ಣ ಊರಿನ ತಂಡವೂ ಬದುಕಬಹುದು. ತಂಡದಿಂದ ತಂಡಕ್ಕೆ ವ್ಯತ್ಯಾಸ ಬರುವುದು ಊರೊಳಗಿನ ಆದಾಯದಲ್ಲಿ. ಟಿಕೆಟ್, ಕಂಪನಿಗಳು ವರ್ಷಕ್ಕಿಷ್ಟು ಅಂತ ಹಿಡಿಯುವ ಸೂಟ್‌ಗಳು (ಪಂದ್ಯ ನೋಡುವ ಖಾಸಗಿ ಕೊಠಡಿಗಳು), ಪಾರ್ಕಿಂಗ್, ತಿಂಡಿ, ಜಾಹೀರಾತು ಫಲಕ, ಸ್ಥಳೀಯ ಟಿವಿ. ಇದರಲ್ಲಿ ಯಾವುದು ತಂಡಕ್ಕೆ, ಯಾವುದು ನಗರಸಭೆಗೆ ಅನ್ನುವುದನ್ನು ಬಹುಪಾಲು ಗುತ್ತಿಗೆಯೇ ತೀರ್ಮಾನಿಸುತ್ತದೆ.

ತಂಡ ಆಡುತ್ತಿದ್ದ ಸಿಯಾಟಲ್‌ನ ಕೀ ಅರೇನಾ 1962ರ ವಿಶ್ವ ಮೇಳಕ್ಕೆ ಕಟ್ಟಿದ ಕಟ್ಟಡ. 1995ರ ಹೊತ್ತಿಗೆ ನಗರ ಅದನ್ನು ಹೊಸದಾಗಿ ಮಾಡಿತು. ಆ ಸಾಲ ತೀರಿಸಲು ಸೂಟ್ ಮತ್ತು ದುಬಾರಿ ಕ್ಲಬ್ ಸೀಟುಗಳ ಆದಾಯದಲ್ಲಿ ನಗರ ಪಾಲು ಇಟ್ಟುಕೊಂಡಿತು. ಆಗ ಅದು ನ್ಯಾಯವಾಗಿಯೇ ಇತ್ತು, ಜನರ ದುಡ್ಡು ವಾಪಸ್ ಬರಬೇಕಲ್ವಾ? ಆದರೆ ಹತ್ತೇ ವರ್ಷದಲ್ಲಿ ಬೇರೆ ಊರುಗಳು ತಂಡಗಳಿಗೆ ಇನ್ನೂ ಜಾಸ್ತಿ ಕೊಡತೊಡಗಿದವು. ಕೀ ಅರೇನಾ ಲೀಗ್‌ನ ಅತಿ ಚಿಕ್ಕ ಅಂಗಣಗಳಲ್ಲಿ ಒಂದಾಯಿತು.

2006ರಲ್ಲಿ ಸ್ಟಾರ್‌ಬಕ್ಸ್‌ನ ಹೋವರ್ಡ್ ಶುಲ್ಟ್ಸ್ ಮತ್ತವರ ಪಾಲುದಾರರು ತಂಡವನ್ನು ಒಕ್ಲಹೋಮದ ಕ್ಲೇ ಬೆನೆಟ್ ಗುಂಪಿಗೆ 35 ಕೋಟಿ ಡಾಲರ್‌ಗೆ ಮಾರಿದರು. ಅದೇ ನವೆಂಬರ್‌ನಲ್ಲಿ ಸಿಯಾಟಲ್ ಮತದಾರರು ನಾಲ್ಕರಲ್ಲಿ ಮೂರು ಪಾಲಿನಷ್ಟು ಮತ ಹಾಕಿ, ನಗರಕ್ಕೆ ಲಾಭ ಬಾರದ ಕ್ರೀಡಾಂಗಣಕ್ಕೆ ಸರ್ಕಾರಿ ಹಣ ಬೇಡ ಅಂದರು. ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ಸುಮಾರು 50 ಕೋಟಿ ಡಾಲರ್‌ನ ಹೊಸ ಅಂಗಣ ಕಟ್ಟೋಣ ಎಂಬ ಬೆನೆಟ್ ಪ್ರಸ್ತಾಪವನ್ನು ರಾಜ್ಯದ ಶಾಸಕಾಂಗ ಮುಂದಕ್ಕೆ ಒಯ್ಯಲಿಲ್ಲ.

ಒಕ್ಲಹೋಮ ಸಿಟಿ ಅಷ್ಟರಲ್ಲಿ ತಯಾರಾಗಿತ್ತು. 1993ರಲ್ಲೇ ಅಲ್ಲಿನ ಜನ ಒಂದು ಸೆಂಟ್ ಮಾರಾಟ ತೆರಿಗೆಗೆ ಒಪ್ಪಿದ್ದರು. ಆ ಯೋಜನೆಯ ಹಣದಲ್ಲಿ ಎದ್ದ ಅಂಗಣ 2002ರಲ್ಲಿ ತೆರೆಯಿತು, ಅದೂ ಎನ್‌ಬಿಎ ತಂಡ ಇಲ್ಲದೆಯೇ. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಊರನ್ನು ಮುಳುಗಿಸಿದಾಗ ಅಲ್ಲಿನ ಹಾರ್ನೆಟ್ಸ್ ತಂಡ ಎರಡು ಸೀಸನ್ ಇಲ್ಲಿ ಬಂದು ಆಡಿತು. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 18 ಸಾವಿರಕ್ಕೂ ಜಾಸ್ತಿ ಜನ ಬಂದರು. ಊರಲ್ಲಿ ಪೈಪೋಟಿಗೆ ಬೇರೆ ದೊಡ್ಡ ಲೀಗ್ ತಂಡ ಇರಲಿಲ್ಲ. ಇಂಥ ಊರಿನಲ್ಲಿ ಸ್ಥಳೀಯ ಬ್ಯಾಂಕು, ತೈಲ ಕಂಪನಿ, ಆಸ್ಪತ್ರೆ ಎಲ್ಲರೂ ಸೂಟ್ ಹಿಡಿಯಲು ಬರುವುದು ಒಂದೇ ಬಾಗಿಲಿಗೆ. 2008ರ ಮಾರ್ಚ್‌ನಲ್ಲಿ ಜನ ಮತ್ತೆ ಮತ ಹಾಕಿದರು. ಅಂಗಣ ಸರಿಪಡಿಸಲು, ತಂಡಕ್ಕೆ ಅಭ್ಯಾಸದ ಕಟ್ಟಡ ಕಟ್ಟಲು ಹದಿನೈದು ತಿಂಗಳು ತೆರಿಗೆ ಕೊಡುತ್ತೇವೆ ಅಂದರು. ಏಪ್ರಿಲ್‌ನಲ್ಲಿ ಲೀಗ್‌ನ ಮಾಲೀಕರು 28–2ರಿಂದ ಸ್ಥಳಾಂತರಕ್ಕೆ ಒಪ್ಪಿದರು. ಬೇಡ ಅಂದವರು ಡಲ್ಲಾಸ್‌ನ ಮಾರ್ಕ್ ಕ್ಯೂಬನ್, ಪೋರ್ಟ್‌ಲೆಂಡ್‌ನ ಪಾಲ್ ಅಲೆನ್.

ಆದರೆ ಕೀ ಅರೇನಾ ಗುತ್ತಿಗೆ 2010ರವರೆಗೆ ಇತ್ತು. ನನ್ನ ವೃತ್ತಿಯವರು ಇವತ್ತಿಗೂ ಬಿಡದೆ ಚರ್ಚಿಸುವ ಭಾಗ ಇದೇ.

ಬಾಡಿಗೆ ಮನೆಯನ್ನು ಅವಧಿಗೆ ಮುಂಚೆ ಖಾಲಿ ಮಾಡಿದರೆ ಏನಾಗುತ್ತದೆ? ಉಳಿದ ಬಾಡಿಗೆ ಕಟ್ಟಿ ಹೋಗುತ್ತೀರಿ, ಅಲ್ಲೇ ಮಲಗಬೇಕು ಅಂತ ಮಾಲೀಕರು ಹಟ ಹಿಡಿಯುವುದಿಲ್ಲ. ಬೆನೆಟ್ ಗುಂಪು ಕೇಳಿದ್ದೂ ಇದನ್ನೇ: ಎರಡು ವರ್ಷದ ಬಾಡಿಗೆ ತೆಗೆದುಕೊಳ್ಳಿ, ನಮ್ಮನ್ನು ಬಿಡಿ. ನಗರ ಒಪ್ಪಲಿಲ್ಲ. ತಂಡ ಇಲ್ಲೇ ಆಡಬೇಕು ಎಂಬ ಷರತ್ತು ಪತ್ರದಲ್ಲೇ ಇದೆ, ಊರಿಗೆ ಈ ತಂಡ ಎಷ್ಟು ಬೆಲೆಬಾಳುತ್ತದೆ ಅನ್ನುವುದನ್ನು ಬಾಡಿಗೆ ಲೆಕ್ಕದಲ್ಲಿ ಅಳೆಯಲು ಆಗದು ಎಂದು ವಾದಿಸಿತು. 2008ರ ಜೂನ್‌ನಲ್ಲಿ ನ್ಯಾಯಾಧೀಶೆ ಮಾರ್ಶಾ ಪೆಕ್‌ಮನ್ ಎದುರು ಆರು ದಿನ ವಿಚಾರಣೆ ನಡೆಯಿತು. ಊರಿಗೂ ತಂಡಕ್ಕೂ ಇರುವ ನಂಟು ಏನು ಅಂತ ಹೇಳಲು ಸಿಯಾಟಲ್‌ನ ಲೇಖಕ ಶರ್ಮನ್ ಅಲೆಕ್ಸಿ ಸಾಕ್ಷಿ ಕಟ್ಟೆ ಹತ್ತಿದರು. ಅಭಿಮಾನವೂ ನ್ಯಾಯಾಲಯದ ಮುಂದೆ ಇಡಬಹುದಾದ ನಷ್ಟ ಅಂತ ಒಂದು ಊರು ಅಷ್ಟು ಗಟ್ಟಿಯಾಗಿ ನಿಂತು ಹೇಳಿದ್ದು ನನಗೆ ಈಗಲೂ ದೊಡ್ಡ ವಿಷಯ.

ತೀರ್ಪು ಬರಬೇಕಿದ್ದ ದಿನವೇ, ಜುಲೈ 2ರಂದು, ರಾಜಿಯಾಯಿತು. ನಗರಕ್ಕೆ 4.5 ಕೋಟಿ ಡಾಲರ್. ಸಾನಿಕ್ಸ್ ಹೆಸರು, ಬಣ್ಣಗಳು ಮುಂದಿನ ತಂಡಕ್ಕೆಂದು ಸಿಯಾಟಲ್‌ನಲ್ಲೇ ಉಳಿದವು. ಇನ್ನೂ 3 ಕೋಟಿ ಸಿಗಬಹುದಿತ್ತು, ಎರಡು ಷರತ್ತಿನ ಮೇಲೆ: ಕೀ ಅರೇನಾ ದುರಸ್ತಿಗೆ ರಾಜ್ಯದ ಶಾಸಕಾಂಗ 2009ರೊಳಗೆ ಹಣದ ದಾರಿ ಮಾಡಿಕೊಡಬೇಕು, ಐದು ವರ್ಷದಲ್ಲಿ ಊರಿಗೆ ಬೇರೆ ತಂಡ ಬಂದಿರಬಾರದು. ಶಾಸಕಾಂಗ ಸುಮ್ನೆ ಕೂತಿತು, ಆ 3 ಕೋಟಿಯೂ ಹೋಯಿತು. ನನ್ನ ಅಭಿಪ್ರಾಯದಲ್ಲಿ ನಗರ ತೀರ್ಪಿಗೆ ಕಾಯಬೇಕಿತ್ತು. ಗೆದ್ದರೆ ಎರಡು ವರ್ಷ ಸಿಗುತ್ತಿತ್ತು, ಹೊಸ ಖರೀದಿದಾರರನ್ನು ಹುಡುಕಲು ಅದು ಸಣ್ಣ ಸಮಯವಲ್ಲ. ಸೋಲುವ ಭಯವೂ ಇತ್ತು, ಅದನ್ನು ಮರೆತು ಹೇಳುತ್ತಿಲ್ಲ.

ಅದೇ ವರ್ಷ ಏಪ್ರಿಲ್ 13ರಂದು ಸಿಯಾಟಲ್‌ನಲ್ಲಿ ತಂಡದ ಕೊನೆಯ ಪಂದ್ಯ ನಡೆದಿತ್ತು. ಡಲ್ಲಾಸ್ ಮೇಲೆ 99–95 ಗೆಲುವು. ಸಾನಿಕ್ಸ್ ಉಳಿಸಿ ಅಂತ ಜನ ಕೂಗುತ್ತಿದ್ದರೆ, ತಂಡದ ಹತ್ತೊಂಬತ್ತು ವರ್ಷದ ಆಟಗಾರ ಕೆವಿನ್ ಡುರಾಂಟ್ ಕೈ ಬೀಸಿ ಇನ್ನೂ ಜೋರಾಗಿ ಕೂಗಿ ಅಂತ ಹುರಿದುಂಬಿಸಿದ. ನಾಲ್ಕು ವರ್ಷದ ನಂತರ ಅದೇ ಹುಡುಗ ಒಕ್ಲಹೋಮ ಸಿಟಿಯನ್ನು ಫೈನಲ್ಸ್‌ಗೆ ಒಯ್ದ. 2025ರಲ್ಲಿ ಥಂಡರ್ (ಒಕ್ಲಹೋಮ ಸಿಟಿಯಲ್ಲಿ ತಂಡದ ಹೊಸ ಹೆಸರು) ಚಾಂಪಿಯನ್ ಆಯಿತು.

ಹಾಗಾದರೆ ಸಣ್ಣ ಊರು ಗೆದ್ದಿತಾ? ಗೆದ್ದಿತು, ಆದರೆ ಕೊಡುವುದು ನಿಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಮತದಾರರು ಕನಿಷ್ಠ 90 ಕೋಟಿ ಡಾಲರ್‌ನ ಹೊಸ ಅಂಗಣಕ್ಕೆ ಒಪ್ಪಿದರು. ಅದರಲ್ಲಿ ಮಾಲೀಕರದ್ದು ಬರೀ 5 ಕೋಟಿ. ಇಂಥ ಅಂಗಣದಿಂದ ಊರಿನ ಒಟ್ಟು ಆದಾಯ ಹೆಚ್ಚುತ್ತದೆ ಅನ್ನುವುದನ್ನು ಹೆಚ್ಚಿನ ಅರ್ಥಶಾಸ್ತ್ರಜ್ಞರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೂ ಆ ಊರಿನವರನ್ನು ದಡ್ಡರು ಅಂತ ಕರೆಯುವುದು ತಪ್ಪು. ಅವರು ಹಣ ಕೊಟ್ಟಿದ್ದು ಲಾಭಕ್ಕಲ್ಲ, ತಂಡ ತಮ್ಮದಾಗಿರಲಿ ಅಂತ. ಬದಲಿಗೆ ಹೊಸ ಅಂಗಣ ತೆರೆದ ಮೇಲೆ 25 ವರ್ಷ ಇಲ್ಲೇ ಇರುತ್ತೇವೆ ಎಂಬ ಮಾತು ಪಡೆದರು. ಯಾವುದೇ ನಗರಸಭೆ ನನ್ನ ಬಳಿ ಬಂದರೆ ನಾನು ಮೊದಲು ಹಾಕಿಸುವ ಷರತ್ತೂ ಅದೇ. ಅದರ ಜೊತೆಗೆ ಇನ್ನೊಂದು ಸಾಲು: ಬಾಡಿಗೆ ಕಟ್ಟಿದರೆ ಸಾಲದು, ಆಟ ಇಲ್ಲೇ ಆಡಬೇಕು, ಮುರಿದರೆ ತಡೆಯಾಜ್ಞೆ ತರುವ ಹಕ್ಕು ನಗರಕ್ಕಿದೆ ಅಂತ ತಂಡದ ಹೊಸ ಮಾಲೀಕರೂ ಸಹಿ ಹಾಕಬೇಕು.